ಓಪನ್ ಟ್ರೈಲರ್ ಓಡಿಸಲು ಹೊರಟವರು ಸಂಬಳ, ರಜೆಯ ಮಾತು ಮುಗಿಸಿಕೊಳ್ಳುವುದು ಹೇಗೆ?

ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಿಂದ ಉಕ್ಕಿನ ಕಾಯಿಲ್ (ಸುತ್ತಿದ ತಗಡಿನ ಸುರುಳಿ), ಸರಳು, ತಗಡುಗಳನ್ನು ಹೊತ್ತು ಬೆಂಗಳೂರು, ಚೆನ್ನೈ, ಪುಣೆಯ ಕಡೆಗೆ ಹೊರಡುವ, ಮೇಲೆ ಮುಚ್ಚಿಗೆಯಿಲ್ಲದ ಓಪನ್ ಟ್ರೈಲರ್‌ಗಳಿಗೆ ಹೊಸದಾಗಿ ಸೇರುವ ಚಾಲಕರು ಸಾಮಾನ್ಯವಾಗಿ ಕೇಳುವುದು ಒಂದೇ ಪ್ರಶ್ನೆ: ತಿಂಗಳಿಗೆ ಎಷ್ಟು ಸಿಗುತ್ತದೆ? ಆ ಹಣಕ್ಕಾಗಿ ಎಷ್ಟು ದಿನ ಮನೆಯಿಂದ ಹೊರಗಿರಬೇಕಾಗುತ್ತದೆ ಎಂಬುದನ್ನೂ ಅದರ ಜೊತೆಯಲ್ಲೇ ಕೇಳದಿದ್ದರೆ ಉತ್ತರ ಅರ್ಧವೇ ಸಿಕ್ಕಂತೆ.

ಮೊದಲು ದಾಖಲೆಗಳನ್ನು ಸರಿಪಡಿಸಿಕೊಳ್ಳಬೇಕು. ಸಾರಿಗೆ ವಾಹನ ಓಡಿಸಲು 20 ವರ್ಷ ತುಂಬಿರಬೇಕು, ಲಘು ವಾಹನದ ಲೈಸೆನ್ಸ್ ಪಡೆದು ಕನಿಷ್ಠ ಒಂದು ವರ್ಷವಾಗಿರಬೇಕು. ಸಾರಿಗೆ ವಾಹನದ ಲೈಸೆನ್ಸನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು.

ಎರಡನೆಯದಾಗಿ, ಸಂಬಳ ಯಾವ ರೂಪದಲ್ಲಿ ಬರುತ್ತದೆ ಎಂದು ತಿಳಿಯಬೇಕು. ಕೆಲವು ಮಾಲೀಕರು ತಿಂಗಳ ಸಂಬಳದ ಜೊತೆಗೆ ದಿನದ ಬಾಟಾ (ಖರ್ಚಿನ ಭತ್ಯೆ) ಕೊಡುತ್ತಾರೆ, ಕೆಲವರು ಟ್ರಿಪ್ಪಿಗೆ ಇಷ್ಟೆಂದು ಗೊತ್ತು ಮಾಡುತ್ತಾರೆ, ಇನ್ನು ಕೆಲವರು ಡೀಸೆಲ್ ಉಳಿಸಿದರೆ ಅದರಲ್ಲೊಂದು ಪಾಲು ಸೇರಿಸುತ್ತಾರೆ. ಯಾವ ರೂಪದಲ್ಲಿ ಬಂದರೂ ಅದನ್ನು ದಿನದ ಲೆಕ್ಕಕ್ಕೆ ಇಳಿಸಿ ನೋಡಿ. ಒಂದು ಟ್ರಿಪ್ಪಿಗೆ 4,000 ರೂಪಾಯಿ ಎಂದು ಇಟ್ಟುಕೊಳ್ಳೋಣ. ಇದು ಲೆಕ್ಕಕ್ಕಾಗಿ ಹಿಡಿದ ಅಂಕಿಯೇ ಹೊರತು ಮಾರುಕಟ್ಟೆಯ ದರವಲ್ಲ. ಲೋಡಿಗೆ ಕಾಯಲು ಒಂದು ದಿನ, ಹೋಗಲು ಒಂದು, ಅನ್‌ಲೋಡ್‌ಗೆ ಒಂದು, ವಾಪಸ್ ಲೋಡ್ ಸಿಗಲು ಒಂದು, ಬರಲು ಒಂದು ಎಂದು ಐದು ದಿನ ಹಿಡಿದು, ಊಟ-ಚಹಾಕ್ಕೆ ದಿನಕ್ಕೆ 300 ರೂಪಾಯಿ ಕಳೆದರೆ ಉಳಿಯುವುದು 2,500, ಅಂದರೆ ದಿನಕ್ಕೆ 500. ಮೂರೇ ದಿನದಲ್ಲಿ ಮುಗಿಯುವ 3,000 ರೂಪಾಯಿಯ ಟ್ರಿಪ್ಪಿನಲ್ಲಿ ಅದೇ ಖರ್ಚು ಕಳೆದರೆ ದಿನಕ್ಕೆ 700 ಉಳಿಯುತ್ತದೆ. ಹೊಸಬರು ದೊಡ್ಡ ಮೊತ್ತಕ್ಕೆ ಒಪ್ಪಿ ಸೋಲುವುದು ಇಲ್ಲೇ. ಆದ್ದರಿಂದ ಕಾರ್ಖಾನೆಯ ಗೇಟಿನಲ್ಲಾಗಲಿ ಗೋದಾಮಿನ ಮುಂದಾಗಲಿ ನಿಂತ ದಿನಗಳಿಗೆ ಹಾಲ್ಟಿಂಗ್ ಹಣ ಬಂದಾಗ ಅದರಲ್ಲಿ ಚಾಲಕನ ಪಾಲೆಷ್ಟು ಎಂಬುದನ್ನು ಸೇರುವ ದಿನವೇ ಕೇಳಬೇಕು.

ಮೂರನೆಯ ಮಾತು ಓಪನ್ ಟ್ರೈಲರಿಗೇ ವಿಶೇಷವಾದದ್ದು. ಕಂಟೇನರ್ ಗಾಡಿಯಲ್ಲಿ ಬಾಗಿಲು ಹಾಕಿದರೆ ಬಹುಮಟ್ಟಿಗೆ ಕೆಲಸ ಮುಗಿಯಿತು. ಇಲ್ಲಿ ಹಲವು ಟನ್ ತೂಗುವ ಕಾಯಿಲ್ ಉರುಳದಂತೆ ಅಡಿಗೆ ಆನಿಕೆ ಕೊಟ್ಟು, ಚೈನ್ ಬಿಗಿದು, ಮಳೆ ತಾಗದಂತೆ ಟಾರ್ಪಾಲ್ ಹೊದಿಸಿ ಹಗ್ಗ ಕಟ್ಟಬೇಕು. ಹೊರಟು ಸ್ವಲ್ಪ ದೂರ ಸಾಗಿದ ಮೇಲೆ ಗಾಡಿ ನಿಲ್ಲಿಸಿ ಪ್ರತಿಯೊಂದು ಚೈನನ್ನೂ ಕೈಯಲ್ಲಿ ಎಳೆದು ನೋಡಬೇಕು, ಏಕೆಂದರೆ ರಸ್ತೆಯ ಕುಲುಕಾಟಕ್ಕೆ ಸರಕು ಕೂತುಕೊಂಡಂತೆ ಬಿಗಿದದ್ದು ಸಡಿಲವಾಗುತ್ತದೆ. ಈ ದುಡಿಮೆ ಕಿಲೋಮೀಟರಿನ ಲೆಕ್ಕದಲ್ಲಿ ಕಾಣಿಸುವುದಿಲ್ಲ. ಟಾರ್ಪಾಲ್ ಕಟ್ಟುವವರ ಕೂಲಿ ಯಾರದು, ಕ್ಲೀನರ್ ಇರುತ್ತಾನೆಯೇ, ಟಾರ್ಪಾಲ್ ಹರಿದರೆ ಅದರ ಹಣವನ್ನು ಸಂಬಳದಲ್ಲಿ ಮುರಿದುಕೊಳ್ಳುತ್ತಾರೆಯೇ ಎಂದು ಕೇಳಲು ಸಂಕೋಚಪಡಬೇಡಿ. ಓವರ್‌ಲೋಡಿಗೆ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ 2,000 ರೂಪಾಯಿ ಬೇರೆ. ಸರಕು ಗಾಡಿಯ ಮೈಯಿಂದ ಮಿತಿಮೀರಿ ಹೊರಚಾಚಿದ್ದರೂ 20,000. ಕಾಯ್ದೆಯ ಮಾತು ಓಡಿಸಿದವನಿಗೂ ಓಡಿಸಲು ಬಿಟ್ಟವನಿಗೂ ತಗಲುವುದರಿಂದ, ತೂಕದ ಚೀಟಿ ನೋಡದೆ ಗೇಟು ದಾಟಬಾರದು.

ಇನ್ನು ಮನೆಯ ವಿಷಯ. ‘ಆಗಾಗ ಕಳಿಸುತ್ತೇವೆ’ ಎಂಬ ಮಾತನ್ನು ಒಪ್ಪಬೇಡಿ. ಎಷ್ಟು ದಿನಕ್ಕೊಮ್ಮೆ, ಎಷ್ಟು ದಿನ, ಆ ದಿನಗಳಿಗೆ ಸಂಬಳ ಉಂಟೇ, ರಜೆ ಶುರುವಾಗುವುದು ಗಾಡಿ ಬಿಟ್ಟಾಗಲೋ ಮನೆ ಮುಟ್ಟಿದಾಗಲೋ, ಬಸ್ಸಿನ ಖರ್ಚು ಯಾರದು ಎಂದು ಒಂದೊಂದನ್ನೂ ಬಿಡಿಸಿ ಕೇಳಿ. ಕೂಡ್ಲಿಗಿಯ ಕಡೆಯ ಚಾಲಕನೊಬ್ಬ ತಿಂಗಳಲ್ಲಿ ನಾಲ್ಕಾರು ಸಲ ತನ್ನೂರಿನ ಪಕ್ಕದ ಹೆದ್ದಾರಿಯಲ್ಲೇ ಹಾದುಹೋದರೂ, ಲೋಡಿನ ಗಾಡಿಯನ್ನು ಬಿಟ್ಟು ಹೋಗುವಂತಿಲ್ಲದೆ ಮಕ್ಕಳ ಮುಖ ನೋಡದಿರುವುದುಂಟು. ಅಂಥವರು ಖಾಲಿ ಗಾಡಿಯಲ್ಲಿ ಬರುವಾಗ ಒಂದು ರಾತ್ರಿ ಊರಲ್ಲಿ ಉಳಿಯಲು ಮೊದಲೇ ಒಪ್ಪಿಗೆ ಪಡೆದರೆ, ತಿಂಗಳ ಕೊನೆಯ ಎರಡು ದಿನದ ರಜೆಗಿಂತ ಅದೇ ಹೆಚ್ಚು ಹಿತವಾಗುತ್ತದೆ. ಯುಗಾದಿ, ದಸರೆ, ಊರ ಜಾತ್ರೆಗೆ ಎಲ್ಲರೂ ಒಟ್ಟಿಗೆ ರಜೆ ಕೇಳುವುದರಿಂದ ಒಂದು ತಿಂಗಳು ಮುಂಚೆಯೇ ಹೇಳಿಡುವುದು ಒಳ್ಳೆಯದು.

ಇದನ್ನು ಯಾರೂ ದಾನವಾಗಿ ಕೊಡುತ್ತಿಲ್ಲ ಎಂಬುದೂ ಗೊತ್ತಿರಲಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ದುಡಿಮೆ, ವಾರಕ್ಕೊಂದು ವಿಶ್ರಾಂತಿಯ ದಿನ, ಹೆಚ್ಚಿನ ದುಡಿಮೆಗೆ ದುಪ್ಪಟ್ಟು ಕೂಲಿ ಎಂಬ ನಿಯಮಗಳನ್ನು ಹಾಕಿಕೊಟ್ಟಿತು. ರಸ್ತೆಯಲ್ಲಿ ಇವು ಪಾಲನೆಯಾಗುವುದು ಅಪರೂಪ. ಆದರೆ ನಿದ್ದೆಗೆಟ್ಟು ಓಡಿಸಲಾರೆ ಎನ್ನುವ ಚಾಲಕ ಹಟಮಾರಿಯಲ್ಲ, ತನ್ನ ಹಕ್ಕನ್ನೇ ಹೇಳುತ್ತಿದ್ದಾನೆ.

ಮಾತಾದದ್ದನ್ನು ಅದೇ ದಿನ ಮಾಲೀಕರಿಗೆ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ: ‘ಅಣ್ಣಾ, ಮಾತಾಡಿದ ಹಾಗೆ ಟ್ರಿಪ್ಪಿಗೆ ಇಷ್ಟು, ನಿಂತ ದಿನಕ್ಕೆ ಇಷ್ಟು, ಇಪ್ಪತ್ತು ದಿನಕ್ಕೆ ನಾಲ್ಕು ದಿನ ರಜೆ. ಸರಿ ತಾನೇ?’ ಬಂದ ಉತ್ತರವನ್ನು ಅಳಿಸಬೇಡಿ. ಕ್ಯಾಬಿನ್ನಿನಲ್ಲೊಂದು ಸಣ್ಣ ನೋಟ್‌ಬುಕ್ ಇಟ್ಟು, ಗೇಟು ಮುಟ್ಟಿದ ಹೊತ್ತು, ಲೋಡಾದ ಹೊತ್ತು, ಇಳಿಸಿದ ಹೊತ್ತು, ಪಡೆದ ಮುಂಗಡ, ಕೈಯಿಂದ ಹಾಕಿದ ಹಣ ಇವಿಷ್ಟನ್ನೂ ಅಂದಂದೇ ಬರೆದು, ಎರಡನೆಯ ಲೋಡಿಗೆ ಹೊರಡುವ ಮುನ್ನ ಮೊದಲ ಟ್ರಿಪ್ಪಿನ ಲೆಕ್ಕವನ್ನು ಮಾಲೀಕರ ಎದುರು ಕೂತು ಮುಗಿಸಿಕೊಳ್ಳಿ.