ಅಳು ನಿಂತಾಗ ನಾನು ಮಾಡಿದ ತಪ್ಪು: ಮಗುವಿಗೆ ಆಹಾರದಿಂದ ಜೋರು ಅಲರ್ಜಿ ಆದರೆ

ಮಗಳಿಗೆ ಆಗ 14 ತಿಂಗಳು. ಅರೆದ ಗೋಡಂಬಿಯನ್ನು ಚಮಚದ ತುದಿಯಲ್ಲಿ ನೆಕ್ಕಿಸಿದ್ದೆ, ಅಷ್ಟೇ. ಹಿಂದಿನ ವಾರವೂ ಒಮ್ಮೆ ಕೊಟ್ಟಿದ್ದೆ. ಆಗ ಬಾಯಿ ಸುತ್ತ ನಾಲ್ಕು ಕೆಂಪು ಚುಕ್ಕೆ ಬಂದು ಹೋಗಿದ್ದವು. ಜೊಲ್ಲಿಗೆ ಹಾಗಾಗಿರಬೇಕು ಅಂದುಕೊಂಡು ಸುಮ್ಮನಾಗಿದ್ದೆ.

ಈ ಸಲ ಐದು ನಿಮಿಷದೊಳಗೆ ಕಣ್ಣು ಉಜ್ಜಲು ಶುರು ಮಾಡಿದಳು. ಮೇಲಿನ ತುಟಿ ಊದಿತು. ಹೊಟ್ಟೆ ಮೇಲೆ ದದ್ದು ಎದ್ದಿತು, ಒಂದು ಸಲ ವಾಂತಿಯಾಯಿತು. ಅಳುವೋ ಅಳು. ನಾನು ಮನೆಯಲ್ಲಿದ್ದ ಅಲರ್ಜಿ ಸಿರಪ್ ಕುಡಿಸಿ, ಹೆಗಲಿಗೆ ಹಾಕಿಕೊಂಡು ಓಡಾಡಿದೆ. ಸ್ವಲ್ಪ ಹೊತ್ತಿಗೆ ಅಳು ನಿಂತಿತು. ಸದ್ಯ, ಔಷಧಿ ಹಿಡಿಯಿತು ಅಂತ ನಿಟ್ಟುಸಿರು ಬಿಟ್ಟೆ.

ಒಳಗಿನಿಂದ ಬಂದ ಹೆಂಡತಿ ಕೇಳಿದ್ದು ಒಂದೇ ಮಾತು: "ಇವಳ್ಯಾಕೆ ಹೀಗೆ ಜೋತುಬಿದ್ದಿದ್ದಾಳೆ?" ಮುಖ ಬಿಳಿಚಿಕೊಂಡಿತ್ತು. ಉಸಿರಿನಲ್ಲಿ ಸಣ್ಣಗೆ ಸೀಟಿ ಊದಿದಂಥ ಸದ್ದು. ಅವಳು ಸಮಾಧಾನವಾಗಿ ಸುಮ್ಮನಾಗಿರಲಿಲ್ಲ, ಅಳುವ ಶಕ್ತಿಯೇ ಹೋಗಿತ್ತು. ಆಸ್ಪತ್ರೆಯಲ್ಲಿ ನಮ್ಮ ಕಥೆ ಮುಗಿಯುವ ಮುಂಚೆಯೇ ವೈದ್ಯೆ ತೊಡೆಗೆ ಅಡ್ರಿನಲಿನ್ ಚುಚ್ಚಿದ್ದರು. ಕೆಲವೇ ನಿಮಿಷದಲ್ಲಿ ಕೆನ್ನೆಗೆ ಬಣ್ಣ ಬಂತು, ಮತ್ತೆ ಜೋರಾಗಿ ಅತ್ತಳು. ಆ ಅಳು ಕೇಳಿ ನಾನೂ ಅತ್ತೆ.

ಅವತ್ತು ನನಗೆ ಗೊತ್ತಿಲ್ಲದೇ ಇದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು, ಚರ್ಮವನ್ನಷ್ಟೇ ನೋಡುತ್ತಾ ಕೂರಬೇಡಿ. ಕೆಲವು ಮಕ್ಕಳಿಗೆ ದದ್ದೇ ಬರುವುದಿಲ್ಲ. ಉಸಿರು ನೋಡಿ: ಬಿಡದೆ ಕೆಮ್ಮು, ಸೀಟಿಯಂಥ ಸದ್ದು, ಪಕ್ಕೆಲುಬಿನ ಮಧ್ಯೆ ಚರ್ಮ ಒಳಕ್ಕೆ ಹೋಗುವುದು. ಗಂಟಲು ನೋಡಿ: ಅಳು ಗೊಗ್ಗರಾಗುವುದು, ನಾಲಿಗೆ ಊದುವುದು, ಜೊಲ್ಲು ನುಂಗಲಾಗದೆ ಸುರಿಯುವುದು. ಆಮೇಲೆ ಮಗುವಿನ ಚುರುಕು ನೋಡಿ. ಬಿಳಿಚಿಕೊಂಡು, ಮೈ ಸಡಿಲವಾಗಿ, ಹೊತ್ತಲ್ಲದ ಹೊತ್ತಲ್ಲಿ ತೂಕಡಿಸಿದರೆ ಅದು ನಿದ್ದೆ ಅಲ್ಲ, ರಕ್ತದೊತ್ತಡ ಇಳಿಯುತ್ತಿರಬಹುದು. ಇದರಲ್ಲಿ ಒಂದು ಕಂಡರೂ ಆಂಬ್ಯುಲೆನ್ಸ್ ಕರೆಯಿರಿ, ಕಾದು ನೋಡುವ ಮಾತೇ ಬೇಡ. ದದ್ದಿನ ಜೊತೆ ಮತ್ತೆ ಮತ್ತೆ ವಾಂತಿಯಾದರೂ ಅಷ್ಟೇ. ಸಾಮಾನ್ಯವಾಗಿ ಇದೆಲ್ಲ ತಿಂದ ಕೆಲವು ನಿಮಿಷದಿಂದ ಎರಡು ಗಂಟೆಯೊಳಗೆ ಶುರುವಾಗುತ್ತದೆ.

ಇನ್ನು ಸಿರಪ್ ವಿಷಯ. ಅದು ತುರಿಕೆ, ದದ್ದು ಇಳಿಸುತ್ತದೆ, ಅದಕ್ಕೂ ಹೊತ್ತು ಬೇಕು. ಕಟ್ಟಿಕೊಳ್ಳುತ್ತಿರುವ ಉಸಿರಿನ ದಾರಿಯನ್ನು ಅದು ಬಿಡಿಸುವುದಿಲ್ಲ. ಆ ಕೆಲಸ ಮಾಡುವುದು ಅಡ್ರಿನಲಿನ್. ಊತ ಇಳಿಸುತ್ತದೆ, ಶ್ವಾಸನಾಳ ಅಗಲಿಸುತ್ತದೆ, ರಕ್ತದೊತ್ತಡ ಎತ್ತುತ್ತದೆ. ಮನೆಯಲ್ಲಿ ವೈದ್ಯರು ಬರೆದುಕೊಟ್ಟ ಅಡ್ರಿನಲಿನ್ ಇದ್ದರೆ ಮೊದಲು ಅದು, ಉಳಿದದ್ದೆಲ್ಲ ಆಮೇಲೆ. 5 ನಿಮಿಷದಲ್ಲಿ ಚೇತರಿಕೆ ಕಾಣದಿದ್ದರೆ ಇನ್ನೊಂದು ಡೋಸ್. ಕೊಡಲೋ ಬೇಡವೋ ಅನ್ನಿಸಿದರೆ ಕೊಡುವುದೇ ಸರಿ ಅಂತ ನಮ್ಮ ವೈದ್ಯೆ ಹೇಳಿದ್ದಾರೆ. ಅದರಿಂದ ಆಗುವ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು ಸ್ವಲ್ಪ ಹೊತ್ತಿಗೆ ಹೋಗುತ್ತದೆ.

ಮೊದಲ ಸಲ ಯಾರ ಮನೆಯಲ್ಲೂ ಅಡ್ರಿನಲಿನ್ ಇರುವುದಿಲ್ಲ, ಅಲ್ವಾ? ಹಾಗಾಗಿ ಆಗ ನಿಮ್ಮ ಕೈಲಿರುವುದು ಎರಡೇ: ಬೇಗ ಸಹಾಯ ಕರೆಯುವುದು, ಮಗುವನ್ನು ಸರಿಯಾಗಿ ಮಲಗಿಸುವುದು. ನಾನು ಹೆಗಲಿಗೆ ಹಾಕಿಕೊಂಡದ್ದು ದೊಡ್ಡ ತಪ್ಪು. ನೆಟ್ಟಗೆ ಎತ್ತಿಕೊಂಡರೆ ಹೃದಯಕ್ಕೆ ವಾಪಸ್ ಬರುವ ರಕ್ತ ಇನ್ನೂ ಕಡಿಮೆಯಾಗುತ್ತದೆ. ತೋಳಿನಲ್ಲೋ ತೊಡೆ ಮೇಲೋ ಅಡ್ಡಡ್ಡವಾಗಿ ಮಲಗಿಸಿಕೊಳ್ಳಿ. ಉಸಿರಾಟ ತೀರಾ ಕಷ್ಟವಾದರೆ ಕಾಲು ಚಾಚಿ ಕೂರಿಸಬಹುದು. ವಾಂತಿ ಬಂದರೆ, ಎಚ್ಚರ ತಪ್ಪಿದರೆ ಪಕ್ಕಕ್ಕೆ ತಿರುಗಿಸಿ. ನಡೆಯುವ ಮಗುವಾದರೂ ನಡೆಸಬೇಡಿ. ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಲು ಹೋಗಬೇಡಿ.

ಚೇತರಿಸಿಕೊಂಡ ಮೇಲೆ ಮನೆಗೆ ಹೊರಡೋಣ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಆದರೆ ಅಡ್ರಿನಲಿನ್ ಪ್ರಭಾವ ಇಳಿದ ಮೇಲೆ, ಏನೂ ತಿನ್ನದಿದ್ದರೂ, ಕೆಲವು ಗಂಟೆ ಬಿಟ್ಟು ಅದೇ ಲಕ್ಷಣ ಮರಳಬಹುದು. ವೈದ್ಯರು ಇರಿ ಅಂದಷ್ಟು ಹೊತ್ತು ಇರಿ. ಏನು ತಿಂದಿತು, ಎಷ್ಟು ಗಂಟೆಗೆ, ಮೊದಲ ದದ್ದು ಯಾವಾಗ ಬಂತು ಅಂತ ಅಲ್ಲೇ ಬರೆದಿಡಿ. ದದ್ದಿನ ಫೋಟೊ ತೆಗೆಯಿರಿ, ತಿಂದದ್ದು ಪ್ಯಾಕೆಟ್‌ನದ್ದಾದರೆ ಕವರ್ ಎಸೆಯಬೇಡಿ. ಮರುದಿನಕ್ಕೆ ನೆನಪು ಕಲಸಿಹೋಗುತ್ತದೆ.

ಅಲರ್ಜಿ ತಜ್ಞರು ಚರ್ಮದ ಪರೀಕ್ಷೆಯನ್ನು ಸಾಮಾನ್ಯವಾಗಿ 4ರಿಂದ 6 ವಾರ ಬಿಟ್ಟು ಮಾಡುತ್ತಾರೆ. ಪಾಸಿಟಿವ್ ಬಂದ ಮಾತ್ರಕ್ಕೆ ಅಲರ್ಜಿ ಅಂತಲ್ಲ, ತಿಂದಾಗ ಏನಾಯಿತು ಅನ್ನುವುದೇ ಮುಖ್ಯ. ಗೋಡಂಬಿ ಮತ್ತು ಪಿಸ್ತಾ ಹತ್ತಿರದ ಸಂಬಂಧಿಗಳು, ಹಾಗಾಗಿ ನಮಗೆ ಪಿಸ್ತಾ ಕೂಡ ಬೇಡ ಅಂದರು. ಹೆದರಿ ನಾನು ಕಡಲೆಕಾಯಿಯನ್ನೂ ನಿಲ್ಲಿಸಿದ್ದೆ. ಅದಕ್ಕೆ ಬೈಸಿಕೊಂಡೆ! ತಿಂದು ಅರಗಿಸಿಕೊಳ್ಳುತ್ತಿದ್ದದ್ದನ್ನು ಸುಮ್ನೆ ನಿಲ್ಲಿಸಬಾರದಂತೆ. ಚಿಕ್ಕಂದಿನಲ್ಲೇ ತಿನ್ನಿಸಿದರೆ ಕಡಲೆಕಾಯಿ ಅಲರ್ಜಿ ಬರುವ ಸಾಧ್ಯತೆ ಕಡಿಮೆಯಾಗುತ್ತದೆ ಎಂದು 2015ರಲ್ಲಿ ಪ್ರಕಟವಾದ ಲೀಪ್ ಅಧ್ಯಯನ ತೋರಿಸಿದೆ.

ಈಗ ನಮ್ಮ ಬಳಿ ಎರಡು ಅಡ್ರಿನಲಿನ್ ಪೆನ್ (ಔಷಧಿ ತುಂಬಿಟ್ಟ, ತೊಡೆಗೆ ಒತ್ತಿದರೆ ತಾನೇ ಚುಚ್ಚುವ ಇಂಜೆಕ್ಷನ್) ಇವೆ. ಒಂದೇ ಚೀಲದಲ್ಲಿ, ಮಗಳು ಹೋದಲ್ಲೆಲ್ಲ ಹೋಗುತ್ತವೆ. ಫ್ರಿಜ್‌ನಲ್ಲಿಡಬಾರದು, ಬಿಸಿಲಲ್ಲಿ ನಿಂತ ಕಾರಿನಲ್ಲೂ ಬಿಡಬಾರದು. ಔಷಧಿ ಕಂದು ಬಣ್ಣಕ್ಕೆ ತಿರುಗಿದರೆ, ತಾರೀಖು ಮುಗಿದರೆ ಹೊಸದು ತರಬೇಕು. ಪೆನ್ ಸಿಗದಿದ್ದರೆ ಸಿರಿಂಜ್‌ನಲ್ಲಿ ಕೊಡುವುದನ್ನು ಕಲಿಸಿಕೊಡಿ ಅಂತ ವೈದ್ಯರನ್ನು ಕೇಳಿ. ಚುಚ್ಚುವುದು ತೊಡೆಯ ಹೊರಬದಿಯ ಮಧ್ಯಕ್ಕೆ. ಪೆನ್ ಆದರೆ ಬಟ್ಟೆ ಮೇಲಿಂದಲೇ ಆಗುತ್ತದೆ. ಮಗುವಿನ ಕಾಲನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ, ಒದ್ದರೆ ಸೂಜಿ ಗೀರುತ್ತದೆ.

ಅಭ್ಯಾಸಕ್ಕೆ ಸೂಜಿ ಇಲ್ಲದ ಪೆನ್ ಸಿಗುತ್ತದೆ. ಅಮ್ಮ ಮೊದಲ ದಿನ ಅದನ್ನು ತಲೆಕೆಳಗಾಗಿ ಹಿಡಿದು ತಮ್ಮ ಹೆಬ್ಬೆರಳಿಗೇ ಒತ್ತಿಕೊಂಡರು. ನಿಜವಾದ ಪೆನ್ ಆಗಿದ್ದರೆ ಔಷಧಿಯೂ ಹೋಯಿತು, ಬೆರಳಿಗೂ ತೊಂದರೆ. ಈಗ ತಿಂಗಳಿಗೊಮ್ಮೆ ನನ್ನ ತೊಡೆ ಮೇಲೆ ಅಭ್ಯಾಸ ಮಾಡುತ್ತಾರೆ. "ಅಲ್ಲಾಡಬೇಡ ಕಣೋ" ಅಂತ ಗದರಿಸಿ, ಒತ್ತಿ ಹಿಡಿದು, ಒಂದು, ಎರಡು, ಮೂರು ಎಣಿಸುತ್ತಾರೆ.