ಚಿಕ್ಕ ಗೇಮಿಂಗ್ ಪಿಸಿ: ಮೊದಲು ಸ್ಕೇಲು ಹಿಡಿಯಿರಿ, ಆಮೇಲೆ ಪ್ರೊಸೆಸರ್ ಕೊಳ್ಳಿ

ಚಿಕ್ಕ ಗೇಮಿಂಗ್ ಕಂಪ್ಯೂಟರ್ ಕಟ್ಟಲು ಹೊರಟವರು ಬಹುತೇಕ ತಲೆಕೆಳಗಾಗಿ ಶುರು ಮಾಡುತ್ತಾರೆ. ಯೂಟ್ಯೂಬ್ ನೋಡಿ ಮೊದಲು ಪ್ರೊಸೆಸರ್ ತರಿಸುತ್ತಾರೆ, ಆಮೇಲೆ ಅಂದ ನೋಡಿ ಕ್ಯಾಬಿನೆಟ್, ಕೊನೆಗೆ ಉಳಿದ ದುಡ್ಡಿನಲ್ಲಿ ಪ್ರೊಸೆಸರ್ ತಣಿಸುವ ಕೂಲರ್. ಎಲ್ಲ ಜೋಡಿಸಿ ಪಕ್ಕದ ಬಾಗಿಲು ಹಾಕಲು ಹೋದರೆ ಕೂಲರ್ ಒಂದು ಬೆರಳು ಹೊರಗೆ. ಬಿಸಿ ದಾಟಿಸಲು ಪ್ರೊಸೆಸರಿಗೂ ಕೂಲರಿಗೂ ನಡುವೆ ಹಚ್ಚುವ ಪೇಸ್ಟ್ ತಾಗಿದ ಕೂಲರನ್ನು ಯಾವ ಅಂಗಡಿಯವರೂ ವಾಪಸ್ ತಗೊಳ್ಳುವುದಿಲ್ಲ. ಬಾಗಿಲು ತೆಗೆದಿಟ್ಟೇ ಆಡುವ ಹುಡುಗರನ್ನು ಸಾಗರ, ತೀರ್ಥಹಳ್ಳಿ ಕಡೆ ಬೇಕಾದಷ್ಟು ನೋಡಿದ್ದೇನೆ. ಮಳೆಗಾಲ ಬಂತೆಂದರೆ ಅಂಥ ಪೆಟ್ಟಿಗೆಯೊಳಗೆ ಹಲ್ಲಿ ಸಂಸಾರ ಹೂಡುತ್ತದೆ.

ಆದ್ದರಿಂದ ಕ್ರಮ ಹೀಗಿರಲಿ: ಕ್ಯಾಬಿನೆಟ್, ಕೂಲರ್, ಆಮೇಲೆ ಪ್ರೊಸೆಸರ್.

1. ಕೂಲರಿಗೆ ಎಷ್ಟು ಎತ್ತರ ಸಿಗುತ್ತದೆ?

ಚಿಕ್ಕ ಪಿಸಿಯಲ್ಲಿ ಮದರ್‌ಬೋರ್ಡ್ ಮಿನಿ ಐಟಿಎಕ್ಸ್ ಅಳತೆಯದು, 17 ಸೆಂ.ಮೀ. ಉದ್ದ, ಅಷ್ಟೇ ಅಗಲ. ಬೋರ್ಡ್ ಎಲ್ಲ ಕ್ಯಾಬಿನೆಟ್ಟಿಗೂ ಕೂರುತ್ತದೆ, ಕೂಲರ್ ಕೂರುವುದಿಲ್ಲ. ಕೂಲರ್ ಮಾಸ್ಟರ್ ಕಂಪನಿಯ ಎನ್‌ಆರ್200 ಥರದ 18 ಲೀಟರ್ ಪೆಟ್ಟಿಗೆಯಲ್ಲಿ 155 ಮಿ.ಮೀ. ತನಕ ಜಾಗವಿದೆ, ಅಂದರೆ ಮಾಮೂಲಿ ಟವರ್ ಕೂಲರೇ ಹಿಡಿಸುತ್ತದೆ. ಲಿಯಾನ್ ಲಿ ಎ4-ಎಚ್2ಓ 11 ಲೀಟರಿನದು, ಅಲ್ಲಿ ಗಾಳಿ ಕೂಲರಿಗೆ 55 ಮಿ.ಮೀ. ಮಾತ್ರ. ಫ್ರ್ಯಾಕ್ಟಲ್ ಟೆರಾ ಪೆಟ್ಟಿಗೆಯ ನಡುಗೋಡೆಯನ್ನು ಆಚೀಚೆ ಸರಿಸಬಹುದು: ದಪ್ಪ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಕೂಲರಿಗೆ 48 ಮಿ.ಮೀ. ಉಳಿಯುತ್ತದೆ, ತೆಳ್ಳಗಿನದು ಹಾಕಿದರೆ 77. ಎಲ್ಲಕ್ಕೂ ಮೊದಲು ಗ್ರಾಫಿಕ್ಸ್ ಕಾರ್ಡಿನ ದಪ್ಪ ಗೊತ್ತಿರಬೇಕು ಎನ್ನುವುದು ಇದಕ್ಕೇ.

ಕಂಪನಿ ಕೊಡುವ ಅಂಕಿಯಲ್ಲಿ 2-3 ಮಿ.ಮೀ. ಕಳೆದೇ ಲೆಕ್ಕ ಹಾಕಿ. ಬಾಗಿಲಿಗೆ ಧೂಳಿನ ಜಾಲರಿ ಅಂಟಿಸುವವರಿದ್ದರೆ ಅದೂ ಜಾಗ ತಿನ್ನುತ್ತದೆ.

ಎತ್ತರವೊಂದೇ ನೋಡಿದರೂ ಸಾಲದು. ತಗ್ಗಿನ ಕೂಲರುಗಳು ಅಡ್ಡಡ್ಡ ಹರಡಿಕೊಂಡಿರುತ್ತವೆ. ಒಂದು ಬದಿಗೆ ರ್‍ಯಾಮ್, ಇನ್ನೊಂದು ಬದಿಗೆ ಬೋರ್ಡಿನ ಬಿಸಿ ಹೀರುವ ಲೋಹದ ತುಂಡು, ಅಂದರೆ ಹೀಟ್‌ಸಿಂಕ್ ಅಡ್ಡ ಬರುತ್ತದೆ. ಬಣ್ಣದ ದೀಪ ಹೊತ್ತ ಎತ್ತರದ ರ್‍ಯಾಮ್ ಬೇಡವೇ ಬೇಡ. 35 ಮಿ.ಮೀ. ಒಳಗಿನದು ತಗೊಳ್ಳಿ. ಕೂಲರ್ ಕಂಪನಿಯ ವೆಬ್‌ಸೈಟಿನಲ್ಲಿ ಯಾವ ಬೋರ್ಡಿಗೆ ಕೂರುತ್ತದೆ ಎಂಬ ಪಟ್ಟಿ ಇದ್ದರೆ ಹತ್ತು ನಿಮಿಷ ಕೊಟ್ಟು ಓದಿ.

2. ಏಪ್ರಿಲ್ ತಿಂಗಳನ್ನು ಲೆಕ್ಕಕ್ಕೆ ಹಿಡಿಯಿರಿ

ಎಲ್ಲರೂ ಹಾರಿಸಿಬಿಡುವ ಹಂತ ಇದು. ಹೊರದೇಶದ ವಿಮರ್ಶಕರು ಕೂಲರ್ ಪರೀಕ್ಷಿಸುವುದು ಸಾಮಾನ್ಯವಾಗಿ 21-24 ಡಿಗ್ರಿಯ ಕೋಣೆಯಲ್ಲಿ. ಕೂಲರ್ ಎಂಬುದು ಕೋಣೆಯ ಗಾಳಿಗಿಂತ ಇಷ್ಟು ಡಿಗ್ರಿ ಮೇಲೆ ಪ್ರೊಸೆಸರನ್ನು ನಿಲ್ಲಿಸಬಲ್ಲದೇ ಹೊರತು, ಗಾಳಿಗಿಂತ ತಣ್ಣಗೆ ಮಾಡಲಾರದು. 22 ಡಿಗ್ರಿ ಕೋಣೆಯಲ್ಲಿ 82 ತೋರಿಸಿದ ಮಿಷನ್, ಏಪ್ರಿಲ್ ಮಧ್ಯಾಹ್ನ 36 ಡಿಗ್ರಿಯ ಶಿವಮೊಗ್ಗದಲ್ಲಿ ಹೆಚ್ಚುಕಡಿಮೆ 96ಕ್ಕೆ ಹೋಗಲು ನೋಡುತ್ತದೆ. ಎಎಂಡಿ ಕಂಪನಿಯ ಪ್ರೊಸೆಸರ್ ರೈಜನ್ 7600ರ ಉಷ್ಣತೆಯ ಮಿತಿ 95, 7800 ಎಕ್ಸ್3ಡಿಯದು 89. ಮಿತಿ ಮುಟ್ಟಿದ ಕೂಡಲೇ ಪ್ರೊಸೆಸರ್ ತಾನಾಗಿ ವೇಗ ಇಳಿಸುತ್ತದೆ. ಸುಟ್ಟೇನೂ ಹೋಗುವುದಿಲ್ಲ, ಆದರೆ ದುಡ್ಡು ಕೊಟ್ಟ ವೇಗ ಸಿಗುವುದಿಲ್ಲ. ಫ್ಯಾನಿನ ಅರಚಾಟ ಬೇರೆ.

ಮಲೆನಾಡಿನವರಿಗೆ ಇಲ್ಲೊಂದು ಮೋಸವಿದೆ. ಜುಲೈ ಮಳೆಯಲ್ಲಿ ಜೋಡಿಸಿ, ಕಂಬಳಿ ಹೊದ್ದು ಆಡಿ, ‘ಆಹಾ, 70 ದಾಟಲಿಲ್ಲ’ ಎಂದು ಬೀಗಿದ ಮಿಷನ್ನೇ ಬೇಸಿಗೆಯಲ್ಲಿ ಮುಷ್ಕರ ಹೂಡುತ್ತದೆ. ಅಟ್ಟದ ಮೇಲೆ ಹಂಚಿನ ಕೆಳಗಿನ ಕೋಣೆಯಾದರೆ ಇನ್ನೂ ನಾಲ್ಕೈದು ಡಿಗ್ರಿ ಸೇರಿಸಿಕೊಳ್ಳಿ.

3. ಪ್ರೊಸೆಸರ್: ಡಬ್ಬಿಯ ಮೇಲಿನ ವಾಟ್ ನಂಬಬೇಡಿ

ಡಬ್ಬಿಯ ಮೇಲೆ 65 ವಾಟ್ ಎಂದಿರುವ ರೈಜನ್ 5 7600 ನಿಜದಲ್ಲಿ 88 ವಾಟ್ ತನಕ ಎಳೆಯಬಹುದು. 105 ಎಂದಿರುವ 7600 ಎಕ್ಸ್ 142ರ ತನಕ, 120 ಎಂದಿರುವ 7800 ಎಕ್ಸ್3ಡಿ 162ರ ತನಕ. ಇಂಟೆಲ್ ಕಡೆ ಐ5 12400 ಎಫ್ 65 ಎಂದಿದ್ದರೂ ಗರಿಷ್ಠ 117, ಐ5 14600 ಕೆ 181. ಕೂಲರಿಗೆ ಹೊಂದಿಸಬೇಕಾದದ್ದು ಈ ಎರಡನೇ ಅಂಕಿಯನ್ನು.

ಆಟಕ್ಕಷ್ಟೇ ಎಂದಾದರೆ 7600 ಸಾಕು. 1440ಪಿ, ಅಂದರೆ ಹೆಚ್ಚು ಸ್ಪಷ್ಟತೆಯ ಮಾನಿಟರಿನಲ್ಲಿ ಆಡುವವರಿಗಂತೂ ಮೊದಲು ಸುಸ್ತಾಗುವುದು ಗ್ರಾಫಿಕ್ಸ್ ಕಾರ್ಡ್. ಪ್ರೊಸೆಸರಿನಲ್ಲಿ ಉಳಿಸಿದ ದುಡ್ಡನ್ನು ಅಲ್ಲಿಗೆ ಹಾಕಿ. 1080ಪಿಯಲ್ಲಿ ಸೆಕೆಂಡಿಗೆ 200ಕ್ಕೂ ಹೆಚ್ಚು ಫ್ರೇಮ್ ಬೇಕು ಎನ್ನುವ ಶೂಟಿಂಗ್ ಆಟದ ಹುಚ್ಚರಿಗೆ ಎಕ್ಸ್3ಡಿ ಸರಣಿ ಸರಿ. 7800 ಎಕ್ಸ್3ಡಿಯಲ್ಲಿ 96 ಎಂಬಿ ಎಲ್3 ಕ್ಯಾಶ್, ಅಂದರೆ ಚಿಪ್ಪಿನೊಳಗಿನ ವೇಗದ ಮೆಮೊರಿ ಇದೆ, ಆಟದಲ್ಲಿ ಎಳೆಯುವ ವಾಟ್ ಮಿತಿಗಿಂತ ತುಂಬ ಕಡಿಮೆ. ಆದರೆ ಆ ಹೆಚ್ಚುವರಿ ಕ್ಯಾಶ್ ಚಿಪ್ಪಿನ ತಲೆಯ ಮೇಲೆ ಕೂತಿರುವುದರಿಂದ ಬಿಸಿ ಹೊರಬರಲು ತಿಣುಕುತ್ತದೆ. 2024ರ 9800 ಎಕ್ಸ್3ಡಿಯಲ್ಲಿ ಕ್ಯಾಶನ್ನು ಕೆಳಕ್ಕೆ ಕಳಿಸಿ ಇದನ್ನು ಸರಿಪಡಿಸಿದ್ದಾರೆ. ಬೆಲೆ ನೋಡಿ ಅಪ್ಪನ ಹತ್ತಿರ ಮಾತಾಡಿ.

ಸೆಕೆಂಡ್ ಹ್ಯಾಂಡ್ ಇಂಟೆಲ್ 13, 14ನೇ ತಲೆಮಾರಿನ ದೊಡ್ಡ ಚಿಪ್ ಅಗ್ಗಕ್ಕೆ ಸಿಕ್ಕಿತೆಂದು ಎಸ್‌ಪಿ ರೋಡಿನಿಂದ (ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ) ಹೊತ್ತು ತರುವವರು ನೆನಪಿಡಿ: ಅವು ಅತಿ ವೋಲ್ಟೇಜಿನಿಂದ ಹಾಳಾಗುವ ತೊಂದರೆಯನ್ನು 2024ರಲ್ಲಿ ಇಂಟೆಲ್ಲೇ ಒಪ್ಪಿಕೊಂಡು ಮೈಕ್ರೋಕೋಡ್ (ಚಿಪ್ಪಿನ ಒಳಗಿನ ತಂತ್ರಾಂಶದ ತಿದ್ದುಪಡಿ) ಬಿಡುಗಡೆ ಮಾಡಿತು. ಆಗಲೇ ಕೆಟ್ಟ ಚಿಪ್ ಅದರಿಂದ ರಿಪೇರಿಯಾಗುವುದಿಲ್ಲ. ಚಿಕ್ಕ ಪೆಟ್ಟಿಗೆಗಂತೂ ನಾನು ಅವನ್ನು ಹತ್ತಿರ ಸೇರಿಸುವುದಿಲ್ಲ.

4. ಕೂಲರ್

50 ಮಿ.ಮೀ. ಆಸುಪಾಸು ಜಾಗವಿದ್ದರೆ 37 ಮಿ.ಮೀ. ಎತ್ತರದ ನಾಕ್ಟುವಾ ಎನ್‌ಎಚ್-ಎಲ್9ಎ ಅಥವಾ 47 ಮಿ.ಮೀ.ಯ ಥರ್ಮಲ್‌ರೈಟ್ ಎಎಕ್ಸ್‌ಪಿ90-ಎಕ್ಸ್47. ಎರಡರಲ್ಲಿ ನನ್ನ ಮತ ಎರಡನೆಯದಕ್ಕೆ, ಬೆಲೆಯೂ ಕಡಿಮೆ. ಎರಡಕ್ಕೂ 65 ವಾಟ್ ಡಬ್ಬಿಯ ಪ್ರೊಸೆಸರಿಗಿಂತ ಹೆಚ್ಚು ಹೊರಿಸಬೇಡಿ. 70 ಮಿ.ಮೀ. ಸಿಕ್ಕಿದರೆ 120 ಮಿ.ಮೀ. ಫ್ಯಾನಿರುವ ತಗ್ಗಿನ ಕೂಲರ್ ಹಾಕಬಹುದು, ಸದ್ದು ಎದ್ದು ಕಾಣುವಷ್ಟು ಇಳಿಯುತ್ತದೆ. 155 ಸಿಗುವವರು ಚಿಂತೆ ಬಿಟ್ಟು ಟವರ್ ಹಾಕಿ.

ನಿಜ ಹೇಳಬೇಕೆಂದರೆ ನಮ್ಮ ಹವೆಗೆ 18 ಲೀಟರಿನ ಪೆಟ್ಟಿಗೆಯೇ ಸರಿ. ಏಳೆಂಟು ಲೀಟರ್ ಉಳಿಸಿ ಮೇಜಿನ ಮೇಲೆ ಏನು ಇಡುತ್ತೀರಿ?

ನೀರಿನ ಕೂಲರ್ ಕೆಟ್ಟದ್ದಲ್ಲ. ಆದರೆ ಪಂಪ್ ಕೈಕೊಟ್ಟರೆ ಬೆಂಗಳೂರಿಗೆ ಕಳಿಸಿ ವಾರಗಟ್ಟಲೆ ಕಾಯಬೇಕು. ಗಾಳಿ ಕೂಲರಿನಲ್ಲಿ ಕೆಡುವುದು ಫ್ಯಾನ್ ಒಂದೇ, ಅದು ಪೇಟೆಯಲ್ಲೇ ಸಿಗುತ್ತದೆ. ಇನ್ನು ಹೆಸರೇ ಕೇಳಿರದ ಬ್ರ್ಯಾಂಡಿನ, ಏಳು ಬಣ್ಣ ಮಿನುಗುವ, ಡಬ್ಬಿಯ ಮೇಲೆ ‘130 ವಾಟ್’ ಎಂದು ಬರೆದ ಕೂಲರ್‌ಗಳು. ಆ ಅಂಕಿಯನ್ನು ಹೀಗೇ ಅಳೆಯಬೇಕೆಂಬ ಕಟ್ಟುಪಾಡು ಎಲ್ಲೂ ಇಲ್ಲ, ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ತಳದಲ್ಲಿ ಬಿಸಿ ಸಾಗಿಸುವ ಕೊಳವೆಗಳು, ಅಂದರೆ ಎಷ್ಟು ಹೀಟ್‌ಪೈಪ್ ಇವೆ, ಫ್ಯಾನ್ ಎಷ್ಟು ದಪ್ಪ ಎಂದು ನೋಡಿ.

5. ಕೂರಿಸುವುದು

ಪ್ರೊಸೆಸರನ್ನು ಸಾಕೆಟ್ಟಿನಲ್ಲಿಡುವುದು ಸುಲಭ: ತ್ರಿಕೋನದ ಗುರುತು ಹೊಂದಿಸಿ, ಸಾಕೆಟ್ಟಿನ ಪಿನ್ನಿಗೆ ಬೆರಳು ತಾಗಿಸದೆ ಇಳಿಸಿ, ಲಿವರ್ ಹಾಕಿ.

ಕೂಲರಿನದೇ ಕಷ್ಟ. ಬೋರ್ಡನ್ನು ಕ್ಯಾಬಿನೆಟ್ಟಿನ ಹೊರಗೆ, ಅದರ ಡಬ್ಬಿಯ ಮೇಲೇ ಇಟ್ಟುಕೊಂಡು ಮಾಡಿ. ಕೂಲರಿನ ತಳಕ್ಕೆ ಅಂಟಿಸಿರುವ ತೆಳು ಪ್ಲಾಸ್ಟಿಕ್ ಹಾಳೆ ಕಿತ್ತಿದ್ದೀರಾ? ಅದನ್ನು ಬಿಟ್ಟೇ ಕೂರಿಸಿ ‘ಪ್ರೊಸೆಸರ್ ಕೆಟ್ಟಿದೆ’ ಎಂದು ಬರುವವರು ಈಗಲೂ ಇದ್ದಾರೆ. ಎಎಂ5, ಅಂದರೆ ಮೇಲೆ ಹೇಳಿದ ರೈಜನ್‌ಗಳು ಕೂರುವ ಸಾಕೆಟ್ಟಿನ ಬೋರ್ಡಿನಲ್ಲಿ ಪ್ಲಾಸ್ಟಿಕ್ ಕೊಕ್ಕೆಯ ಎರಡು ತುಂಡುಗಳಿರುತ್ತವೆ, ಸ್ಕ್ರೂ ಬಿಗಿಯುವ ಕೂಲರಾದರೆ ಅವನ್ನು ಬಿಚ್ಚಬೇಕು. ಹಿಂದಿನ ತಗಡು ಅಲ್ಲೇ ನಿಲ್ಲುತ್ತದೆ. ಹಳೆಯ ಎಎಂ4ರಲ್ಲಾದರೆ ಅದು ಕಳಚಿ ಕೆಳಗೆ ಬೀಳುತ್ತದೆ, ಒಂದು ಕೈ ಹಿಡಿದಿರಲಿ.

ಪ್ರೊಸೆಸರಿನ ನೆತ್ತಿಯ ನಡುವೆ ಪೇಸ್ಟಿನ ಒಂದು ಕಡಲೆಕಾಳಿನಷ್ಟು ದೊಡ್ಡ ಬೊಟ್ಟು, ನಾಲ್ಕು ಮೂಲೆಗೆ ಚಿಕ್ಕ ಬೊಟ್ಟು. ಬೆರಳಲ್ಲಿ ಹರಡಬೇಡಿ, ಒತ್ತಡಕ್ಕೆ ತಾನೇ ಹರಡುತ್ತದೆ. ಚೀಟಿಯಿಲ್ಲದ ಸಿರಿಂಜಿನ ಬಿಳಿ ಪೇಸ್ಟ್ ಬೇಡ. ಪೇಸ್ಟಿನ ಬದಲು ಕೆಲವರು ಹಚ್ಚುವ ಲಿಕ್ವಿಡ್ ಮೆಟಲ್ ಇನ್ನೂ ಬೇಡ: ಅದರಲ್ಲಿ ವಿದ್ಯುತ್ ಹರಿಯುತ್ತದೆ, ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಕೂಲರನ್ನು ನೇರಕ್ಕೆ ಇಳಿಸಿ, ಎದುರುಬದುರು ಮೂಲೆಯ ಸ್ಕ್ರೂಗಳನ್ನು ಎರಡೆರಡು ಸುತ್ತಿನಂತೆ ಸರದಿಯಲ್ಲಿ ಬಿಗಿಯಿರಿ. ಒಂದನ್ನೇ ಕೊನೆ ತನಕ ಬಿಗಿದರೆ ತಳ ಓರೆಯಾಗಿ ಒಂದು ಬದಿಗೆ ಪೇಸ್ಟೇ ತಾಗುವುದಿಲ್ಲ. ಸ್ಕ್ರೂ ತಿರುಗುವುದು ನಿಂತ ಮೇಲೆ ಬಲ ಹಾಕಬೇಡಿ.

ಬೋರ್ಡನ್ನು ಪೆಟ್ಟಿಗೆಗೆ ಇಳಿಸುವಾಗಲೇ 8 ಪಿನ್ನಿನ ಪ್ರೊಸೆಸರ್ ಪವರ್ ವಯರ್ ಮತ್ತು ಫ್ಯಾನಿನ ವಯರ್ ಚುಚ್ಚಿ. ಆಮೇಲೆ ಅಲ್ಲಿಗೆ ಕೈ ಹೋಗುವುದಿಲ್ಲ.

6. ಬಯಾಸ್ ಮತ್ತು ಪರೀಕ್ಷೆ

105 ವಾಟಿನ ರೈಜನ್ ಕೊಂಡಾಗಿದೆಯೇ? ಬಯಾಸಿನಲ್ಲಿ (ಬೋರ್ಡಿನದೇ ಸೆಟ್ಟಿಂಗ್ ಪರದೆ) ಇಕೋ ಮೋಡ್ 65 ಆರಿಸಿ. ಎಳೆತ 88 ವಾಟಿಗೆ ಇಳಿಯುತ್ತದೆ, ಆಟದಲ್ಲಿ ವ್ಯತ್ಯಾಸ ಕಾಣುವುದೇ ಕಷ್ಟ. ಫ್ಯಾನ್ ಕ್ಷಣಕ್ಕೊಮ್ಮೆ ಏರಿಳಿದು ಕಿರಿಕಿರಿ ಮಾಡಿದರೆ, ವೇಗ ಬದಲಿಸುವ ಮೊದಲು ನಾಲ್ಕೈದು ಸೆಕೆಂಡು ಕಾಯುವಂತೆ ಅಲ್ಲೇ ಹೊಂದಿಸಿ.

ಬಾಗಿಲು ಮುಚ್ಚಿ, ನಿಮ್ಮದೇ ಆಟವನ್ನು ಅರ್ಧ ಗಂಟೆ ಆಡಿ, ಎಚ್‌ಡಬ್ಲ್ಯೂಇನ್ಫೋ ಎಂಬ ತಂತ್ರಾಂಶದಲ್ಲಿ ಗರಿಷ್ಠ ಉಷ್ಣತೆ ನೋಡಿ. ಮಳೆಗಾಲವಾದರೆ ಅದಕ್ಕೆ 12 ಸೇರಿಸಿ. ಆಗಲೂ 90ರ ಒಳಗಿದ್ದರೆ 7600ಕ್ಕೆ ತೊಂದರೆಯಿಲ್ಲ, 7800 ಎಕ್ಸ್3ಡಿ ಆದರೆ 85ರ ಒಳಗಿರಲಿ. ಮೀರಿದರೆ ಬಾಗಿಲು ತೆಗೆದು ಇನ್ನೊಮ್ಮೆ ಆಡಿ. ಹತ್ತು ಡಿಗ್ರಿ ಇಳಿದರೆ ತಪ್ಪು ಗಾಳಿಯ ದಾರಿಯದು, ಇಳಿಯದಿದ್ದರೆ ಕೂಲರ್ ಕೂರಿಸಿದ್ದರದು.

ಪೆಟ್ಟಿಗೆಯನ್ನು ಟಿವಿ ಶೋಕೇಸಿನೊಳಗೆ ತುರುಕಬೇಡಿ, ಸುತ್ತ ಒಂದು ಗೇಣು ಜಾಗ ಬಿಡಿ. ಅಡಿಕೆ ಬೇಯಿಸುವ ಒಲೆಯ ಹೊಗೆ ಬರುವ ಕೋಣೆಯಲ್ಲಿ ಕೂಲರಿನ ರೆಕ್ಕೆಗಳಿಗೆ ಜಿಡ್ಡು ಕಟ್ಟುತ್ತದೆ, ಸುಗ್ಗಿ ಮುಗಿದ ಮೇಲೆ ಪೇಂಟ್ ಬ್ರಷ್ಷಿನಿಂದ ತೆಗೆಯಿರಿ. ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದುಕೊಂಡು ಮಾಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಆಡಲು ಪುರಸೊತ್ತಿಲ್ಲದಿದ್ದರೂ ವಾರಕ್ಕೆರಡು ಸಲ ಗಂಟೆಹೊತ್ತು ಆನ್ ಮಾಡಿಡಿ, ಥಂಡಿ ಒಳಗೆ ಕೂರುವುದಿಲ್ಲ.