ಅಮೆರಿಕದ ಅಪ್ರೋಚ್ ಚಾರ್ಟ್: ಚಿತ್ರಕ್ಕಿಂತ ಮೊದಲು ಸಣ್ಣಕ್ಷರ ಓದಿ

ಅಮೆರಿಕದಲ್ಲಿ ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ದರೂ ಉಪಕರಣ ನೋಡಿ ವಿಮಾನ ಹಾರಿಸುವ ಅರ್ಹತೆ) ಮಾಡುತ್ತಿದ್ದೀರಾ? ಹಾಗಾದರೆ ಚಾರ್ಟಿಗೆ ದುಡ್ಡು ಸುರಿಯಬೇಕಿಲ್ಲ. ಅಲ್ಲಿನ ವಿಮಾನಯಾನ ಇಲಾಖೆ ಎಫ್‌ಎಎ ತನ್ನ ಅಪ್ರೋಚ್ ಚಾರ್ಟ್‌ಗಳನ್ನು, ಅಂದರೆ ರನ್‌ವೇಗೆ ಇಳಿದು ಬರುವ ದಾರಿಯ ನಕ್ಷೆಗಳನ್ನು, ವೆಬ್‌ಸೈಟಿನಲ್ಲಿ ಪುಕ್ಕಟೆ ಕೊಡುತ್ತದೆ. 28 ದಿನಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ. ಚಾರ್ಟಿನ ಅಂಚಿನಲ್ಲಿ ತಾರೀಖು ಇರುತ್ತದೆ, ಮೊದಲು ಅದನ್ನು ನೋಡಿ.

ಹೊಸಬರ ಕಣ್ಣು ನೇರವಾಗಿ ನಡುವಿನ ನಕ್ಷೆಗೆ ಹೋಗುತ್ತದೆ. ನನ್ನ ಕೇಳಿದರೆ ಮೇಲಿನ ಶೀರ್ಷಿಕೆ ಮತ್ತು ನೋಟ್ಸ್ ಡಬ್ಬಿಯೇ ಮೊದಲು. 'ಐಎಲ್‌ಎಸ್ ರನ್‌ವೇ 28' (ಐಎಲ್‌ಎಸ್ ಅಂದರೆ ರೇಡಿಯೋ ಸಂಕೇತದಿಂದ ರನ್‌ವೇಗೆ ದಾರಿ ತೋರಿಸುವ ವ್ಯವಸ್ಥೆ) ಅಂತಿದ್ದರೆ ನೇರವಾಗಿ ಆ ರನ್‌ವೇಗೆ ಇಳಿಯುವ ಲೆಕ್ಕ. ರನ್‌ವೇ ನಂಬರ್ ಇಲ್ಲದೆ 'ವಿಒಆರ್-ಎ' (ವಿಒಆರ್ ಅಂದರೆ ದಿಕ್ಕು ತೋರಿಸುವ ರೇಡಿಯೋ ಕೇಂದ್ರ) ಅಂತ ಬರೀ ಅಕ್ಷರ ಇದ್ದರೆ, ಅಲ್ಲಿ ಸರ್ಕ್ಲಿಂಗ್ ಮಿನಿಮಮ್ಸ್ ಮಾತ್ರ. ಮಿನಿಮಮ್ಸ್ ಅಂದರೆ ರನ್‌ವೇ ಕಾಣದೆ ಇಳಿಯಬಹುದಾದ ಕನಿಷ್ಠ ಎತ್ತರ ಮತ್ತು ಬೇಕಾದ ಕನಿಷ್ಠ ವಿಸಿಬಿಲಿಟಿ (ಕಾಣುವ ದೂರ). ಸರ್ಕ್ಲಿಂಗ್ ಅಂದರೆ ಕಣ್ಣಿಗೆ ಕಂಡ ಮೇಲೆ ಸುತ್ತು ಹಾಕಿ ರನ್‌ವೇಗೆ ಇಳಿಯುವುದು. ಕೋರ್ಸ್ (ವಿಮಾನ ಬರುವ ದಾರಿ) ರನ್‌ವೇಗೆ ತೀರಾ ಓರೆಯಾಗಿದ್ದರೆ ಅಥವಾ ಆ ದಾರಿಯ ಇಳಿಜಾರು ಜಾಸ್ತಿ ಇದ್ದರೆ ಹೀಗೆ ಮಾಡುತ್ತಾರೆ.

ಈ ಅಕ್ಷರಕ್ಕೂ ನೋಟ್ಸಿಗೂ ಇರುವ ನಂಟು ಕೊಲೊರಾಡೊದ ಆಸ್ಪೆನ್‌ನಲ್ಲಿ ಕಾಣುತ್ತದೆ. ಸುತ್ತ ಬೆಟ್ಟ. ಅಲ್ಲಿನ ವಿಒಆರ್/ಡಿಎಂಇ-ಸಿ (ಡಿಎಂಇ ಅಂದರೆ ದೂರ ಅಳೆಯುವ ಸಾಧನ) ಅಪ್ರೋಚ್‌ಗೆ 'ರಾತ್ರಿ ಸರ್ಕ್ಲಿಂಗ್ ಎನ್‌ಎ', ಅಂದರೆ ಅನುಮತಿ ಇಲ್ಲ, ಅಂತ 2001ರ ಮಾರ್ಚ್ 27ರಂದು ನೋಟಮ್ (ಪೈಲಟ್‌ಗಳಿಗೆ ಕೊಡುವ ಸೂಚನೆ) ಬಂತು. ಎರಡು ದಿನದ ನಂತರ ಸಂಜೆ ಒಂದು ಗಲ್ಫ್‌ಸ್ಟ್ರೀಮ್ ಜೆಟ್ ರನ್‌ವೇ ಮುಟ್ಟುವ ಮೊದಲೇ ಗುಡ್ಡಕ್ಕೆ ಬಡಿಯಿತು. 18 ಜನರೂ ಸತ್ತರು. ರನ್‌ವೇ ಕಾಣದೆಯೇ ಮಿನಿಮಮ್ಸ್‌ಗಿಂತ ಕೆಳಗೆ ಇಳಿದದ್ದು ಮುಖ್ಯ ಕಾರಣ ಎಂದು ಅಪಘಾತ ತನಿಖೆ ಮಾಡುವ ಸಂಸ್ಥೆ ಎನ್‌ಟಿಎಸ್‌ಬಿ ಹೇಳಿತು. ಜೊತೆಗೆ ನೋಟಮ್‌ನ ಒಕ್ಕಣೆ ಸ್ಪಷ್ಟ ಇರಲಿಲ್ಲ ಎಂದೂ ಹೇಳಿತು. 'ಸರ್ಕ್ಲಿಂಗ್ ತಾನೇ ಬೇಡ, ನೇರ ಇಳಿಯಬಹುದು' ಅಂತ ಯಾರಾದರೂ ಓದಿಕೊಳ್ಳಬಹುದಿತ್ತು. ಆದರೆ ಹೆಸರಲ್ಲಿ ರನ್‌ವೇ ನಂಬರ್ ಇಲ್ಲದೆ ಬರೀ 'ಸಿ' ಇದೆಯಲ್ವಾ? ಸರ್ಕ್ಲಿಂಗ್ ಬಿಟ್ಟರೆ ಅಲ್ಲಿ ಬೇರೆ ಮಿನಿಮಮ್ಸೇ ಇರಲಿಲ್ಲ. ಹಾಗಾಗಿ ರಾತ್ರಿ ಇಡೀ ಅಪ್ರೋಚೇ ಬಂದ್ ಆಗಿತ್ತು.

ನೋಟ್ಸ್ ಪಕ್ಕದಲ್ಲಿ ಪುಟ್ಟ ಗುರುತುಗಳಿರುತ್ತವೆ. ತ್ರಿಕೋನದೊಳಗೆ 'ಟಿ' ಇದ್ದರೆ ಟೇಕಾಫ್ ಮಿನಿಮಮ್ಸ್ ಬೇರೆ ಇವೆ ಅಥವಾ ಹೊರಡುವ ದಾರಿಯನ್ನು ಬೇರೆ ಪುಟದಲ್ಲಿ ಬರೆದಿದ್ದಾರೆ. 'ಎ' ಇದ್ದರೆ ಆಲ್ಟರ್ನೇಟ್ ಮಿನಿಮಮ್ಸ್ (ಈ ಏರ್‌ಪೋರ್ಟನ್ನು ಬದಲಿ ಜಾಗವಾಗಿ ಆರಿಸಲು ಬೇಕಾದ ಹವಾಮಾನದ ಮಿತಿ) ಮಾಮೂಲಿನವಲ್ಲ. ಹಿಮದ ಹೂವಿನ ಗುರುತು ನಮ್ಮವರಿಗೆ ಹೊಸದು. ಪಕ್ಕದಲ್ಲಿ ಬರೆದಷ್ಟು ಅಥವಾ ಅದಕ್ಕಿಂತ ಕಡಿಮೆ ಉಷ್ಣಾಂಶ ಇದ್ದರೆ ಎತ್ತರಕ್ಕೆ ಒಂದಿಷ್ಟು ಸೇರಿಸಿ ಹಾರಬೇಕು. ಕೊರೆಯುವ ಚಳಿಯಲ್ಲಿ ಆಲ್ಟಿಮೀಟರ್ ತೋರಿಸುವುದಕ್ಕಿಂತ ವಿಮಾನ ನಿಜವಾಗಿ ಕೆಳಗಿರುತ್ತದೆ.

ಎತ್ತರದ ಅಂಕಿಯ ಕೆಳಗೆ ಗೆರೆ ಇದ್ದರೆ ಅದಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಮೇಲೆ ಗೆರೆ ಇದ್ದರೆ ಮೇಲೆ ಹೋಗುವಂತಿಲ್ಲ. ಎರಡೂ ಇದ್ದರೆ ಕರೆಕ್ಟಾಗಿ ಅಷ್ಟೇ. ಗೆರೆಯೇ ಇಲ್ಲದ್ದು ಸಲಹೆ. ಮಿಂಚಿನಂಥ ಬಾಣ ಗ್ಲೈಡ್‌ಸ್ಲೋಪ್ (ಇಳಿಯುವ ಕೋನ ತೋರಿಸುವ ಐಎಲ್‌ಎಸ್ ಸಂಕೇತ) ಹಿಡಿಯುವ ಜಾಗ. ದಪ್ಪ ಶಿಲುಬೆ ಲೋಕಲೈಜರ್ (ರನ್‌ವೇಯ ನೇರ ತೋರಿಸುವ ಸಂಕೇತ) ಮಾತ್ರ ಹಿಡಿದು ಬರುವವರ ಫೈನಲ್ ಅಪ್ರೋಚ್ ಫಿಕ್ಸ್, ಅಂದರೆ ಕೊನೆಯ ಹಂತ ಶುರುವಾಗುವ ಜಾಗ.

ಭಾರತದ ಚಾರ್ಟ್ ಓದಿ ಬಂದವರು ಎಡವುವುದು ಮಿನಿಮಮ್ಸ್ ಪಟ್ಟಿಯಲ್ಲಿ. ನಮ್ಮಲ್ಲಿ ವಿಸಿಬಿಲಿಟಿ ಮೀಟರ್‌ನಲ್ಲಿ. ಇಲ್ಲಿ '213/24' ಎಂದಿದ್ದರೆ ಡಿಸಿಷನ್ ಆಲ್ಟಿಟ್ಯೂಡ್ (ರನ್‌ವೇ ಕಾಣದಿದ್ದರೆ ಮತ್ತೆ ಮೇಲೇರಬೇಕಾದ ಎತ್ತರ) 213 ಅಡಿ, ಆರ್‌ವಿಆರ್ (ರನ್‌ವೇ ಉದ್ದಕ್ಕೆ ಕಾಣುವ ದೂರ) 2,400 ಅಡಿ. ಓರೆಗೆರೆಯ ಬದಲು ಅಡ್ಡಗೆರೆ ಹಾಕಿ ½ ಎಂದಿದ್ದರೆ ಅರ್ಧ ಮೈಲಿ, ಸುಮಾರು 800 ಮೀಟರ್. ಈ ಮೈಲಿ ರಸ್ತೆಯ ಮೈಲಿ. ಅದೇ ಚಾರ್ಟಿನ ದೂರಗಳು ಮಾತ್ರ ನಾಟಿಕಲ್ ಮೈಲಿ! ಕಂಸದೊಳಗಿನ ಅಂಕಿ ಮಿಲಿಟರಿಗೆ, ಅದನ್ನು ಬಿಟ್ಟುಬಿಡಿ.

ಇನ್ನು ರಾತ್ರಿ ಟವರ್ ಮುಚ್ಚಿರುವ ಸಣ್ಣ ಏರ್‌ಪೋರ್ಟ್‌ಗಳು. ಫ್ರೀಕ್ವೆನ್ಸಿ ಪಕ್ಕದಲ್ಲಿ ಕಪ್ಪು ಬೊಟ್ಟಿನೊಳಗೆ ಬಿಳಿ 'ಎಲ್' ಇದ್ದರೆ ದೀಪ ಹಾಕುವವರು ನೀವೇ. ಮೈಕ್ ಬಟನ್ನನ್ನು 5 ಸೆಕೆಂಡಿನೊಳಗೆ 7 ಸಲ ಒತ್ತಿದರೆ ಪೂರ್ತಿ ಬೆಳಕು, 5 ಸಲಕ್ಕೆ ಮಧ್ಯಮ, 3 ಸಲಕ್ಕೆ ಮಂದ. 15 ನಿಮಿಷಕ್ಕೆ ತಾನೇ ಆರುತ್ತದೆ. ಅದಕ್ಕೇ ಮೊದಲೇ ಉರಿಯುತ್ತಿದ್ದರೂ ಸುಮ್ನೆ ಇರಬೇಡಿ. ಅಪ್ರೋಚ್ ಶುರು ಮಾಡುವಾಗ ಇನ್ನೊಮ್ಮೆ ಒತ್ತಿ.